ಗಾಳಿಯಿಂದ ವಿದ್ಯುತ್ತು: ಒಂದು ಪಾಠ

ಪ್ಯಾರೀಸ್ ಕಾರ್ನರ್‌ನ ಈ ವಾಚನಾಲಯದಲ್ಲಿ ಫ್ಯಾನು ತಿರುಗಿಸುವ ವಿದ್ಯುತ್ತು ಎಲ್ಲಿಯದೆಂದು ಕೇಳಿದರೆ, ಕಲ್ಲಿದ್ದಲಿನದು, ಅಣೆಕಟ್ಟಿನದು ಎನ್ನುತ್ತೇವೆ. ಆಷಾಢದಲ್ಲಾದರೆ ಗಾಳಿಯದೂ ಹೌದು ಎಂದು ಸೇರಿಸಬೇಕು.

ಮೊದಲು ತತ್ತ್ವವನ್ನು ತಿಳಿಯೋಣ. ಗಾಳಿಯು ರೆಕ್ಕೆಗಳನ್ನು ತಿರುಗಿಸುವುದು. ರೆಕ್ಕೆಗಳು ಜನರೇಟರನ್ನು ತಿರುಗಿಸುವುವು. ರೆಕ್ಕೆಯ ಉದ್ದ ಇಮ್ಮಡಿಯಾದರೆ ದೊರೆಯುವ ಶಕ್ತಿ ನಾಲ್ಕು ಪಟ್ಟು. ಗಾಳಿಯ ವೇಗ ಇಮ್ಮಡಿಯಾದರೆ ಎಂಟು ಪಟ್ಟು. ಆದುದರಿಂದ ಯಂತ್ರಕ್ಕಿಂತ ಮೊದಲು ಆರಿಸಬೇಕಾದುದು ಸ್ಥಳವನ್ನು. ಮೇಲೇರಿದಷ್ಟೂ ಗಾಳಿ ಬಲವಾಗುವುದರಿಂದ ಕಂಬವೂ ಎತ್ತರವಾಗಿರಬೇಕು.

ಇಂಥ ಸ್ಥಳ ತಮಿಳುನಾಡಿಗೆ ಒಲಿದು ಬಂದಿದೆ. ಮುಂಗಾರಿನ ಗಾಳಿಯು ಪಶ್ಚಿಮ ಘಟ್ಟದ ಕಂಡಿಗಳಲ್ಲಿ ನುಗ್ಗುತ್ತದೆ: ಪಾಲಕ್ಕಾಡಿನ ಕಂಡಿಯಿಂದ ಕೊಯಮತ್ತೂರು, ಉಡುಮಲಪೇಟೆಗಳ ಕಡೆಗೆ, ಆರಲ್ವಾಯ್ಮೊಳಿಯ ಕಂಡಿಯಿಂದ ಮುಪ್ಪಂದಲ್ ಬಯಲಿಗೆ. 1986ರಲ್ಲಿ ತೂತ್ತುಕುಡಿಯ ಬಳಿ ದೇಶದ ಮೊದಲ ಗಾಳಿ ವಿದ್ಯುತ್ ಕೇಂದ್ರಗಳಲ್ಲೊಂದು ನಿಂತಿತು. 1990ರ ದಶಕದಲ್ಲಿ ಆದಾಯ ತೆರಿಗೆಯ ಸವಕಳಿ ರಿಯಾಯಿತಿ ದೊರೆತು, ನೂಲಿನ ಗಿರಣಿಯವರೂ ಗಾಳಿಯಂತ್ರಗಳಿಗೆ ಹಣ ಹಾಕಿದರು. ಗಾಳಿಯನ್ನು ಅಳೆದು ಪರೀಕ್ಷಿಸುವ ರಾಷ್ಟ್ರೀಯ ಸಂಸ್ಥೆ 1998ರಲ್ಲಿ ನಮ್ಮ ಚೆನ್ನೈಯಲ್ಲಿಯೇ ಹುಟ್ಟಿತು, ಅದು ಪಳ್ಳಿಕರಣೈಯಲ್ಲಿದೆ.

ಕನ್ನಡ ನಾಡೂ ಹಿಂದುಳಿದಿಲ್ಲ. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಸಾಲುಸಾಲು ಯಂತ್ರಗಳಿವೆ. 2024-25ರಲ್ಲಿ ಹೊಸ ಸಾಮರ್ಥ್ಯ ಕೂಡಿಸುವುದರಲ್ಲಿ ಕರ್ನಾಟಕವೇ ಮೊದಲಿನದು, ಸುಮಾರು 1,331 ಮೆಗಾವ್ಯಾಟ್. 2025ರ ಮಾರ್ಚಿಗೆ ಇಡೀ ದೇಶದ್ದು 50,000 ಮೆಗಾವ್ಯಾಟ್ ದಾಟಿತು.

ಆದರೆ ತೊಡಕೂ ಉಂಟು. ಗಾಳಿಯ ಸುಗ್ಗಿ ಮೇಯಿಂದ ಸೆಪ್ಟೆಂಬರಿನವರೆಗೆ. ಗಿರಣಿಯ ಕದಿರು ವರ್ಷವೆಲ್ಲ ತಿರುಗಬೇಕು. ಇದಕ್ಕಾಗಿ ‘ಬ್ಯಾಂಕಿಂಗ್’ ಏರ್ಪಾಡು ಬಂದಿತು. ಸುಗ್ಗಿಯಲ್ಲಿ ಮಿಕ್ಕ ಯೂನಿಟ್ಟುಗಳನ್ನು ವಿದ್ಯುತ್ ಮಂಡಲಿಯಲ್ಲಿ ಜಮಾ ಮಾಡಿ, ಆಮೇಲೆ ಹಿಂದಕ್ಕೆ ಪಡೆಯುವುದು. ನಮ್ಮಲ್ಲಿ ಲೆಕ್ಕ ಬರೆಯುವವರು ಇಲ್ಲಿ ಎಚ್ಚರದಿಂದಿರಬೇಕು. ಜಮಾ ಇರುವುದು ಲೆಡ್ಜರಿನಲ್ಲಿ ಮಾತ್ರ. ಆಷಾಢದ ವಿದ್ಯುತ್ತನ್ನು ಯಾರೂ ಮಾಘದವರೆಗೆ ಕೂಡಿಟ್ಟಿರುವುದಿಲ್ಲ. ಮಾಘದಲ್ಲಿ ಕಲ್ಲಿದ್ದಲೋ ನೀರೋ ಬಿಸಿಲೋ ಅದನ್ನು ಹುಟ್ಟಿಸಿಕೊಡಬೇಕು. ಗಾಳಿಗೆ ಜೊತೆಗಾರರು ಬೇಕೇ ಬೇಕು.

ಇನ್ನೊಂದು ಮಾತು. ಒಳ್ಳೆಯ ಗಾಳಿಯ ಸ್ಥಳಗಳಲ್ಲಿ ಮೊದಲು ಬಂದ ಯಂತ್ರಗಳು ಅನೇಕವು 250 ಕಿಲೋವ್ಯಾಟಿನ ಆಸುಪಾಸಿನವು. ಇಂದಿನ ಒಂದು ಯಂತ್ರ ಅದರ ಎಂಟು ಹತ್ತು ಪಟ್ಟು. ಹಳೆಯದನ್ನು ಬದಲಿಸಲು ತಮಿಳುನಾಡು ಸರ್ಕಾರ 2024ರಲ್ಲಿ ನೀತಿಯೊಂದನ್ನು ಹೊರಡಿಸಿತು. ಹೊಸ ಗುಡ್ಡ ಹುಡುಕುವ ಮುನ್ನ ಇದ್ದ ಗುಡ್ಡದ ಗಾಳಿಯನ್ನು ಪೂರ್ತಿ ಬಳಸುವುದೇ ಜಾಣತನವೆಂದು ನಮಗೆ ತೋರುತ್ತದೆ.

ಅಭ್ಯಾಸ: ಗಾಳಿಯ ವೇಗ ಸೆಕೆಂಡಿಗೆ 5 ಮೀಟರಿನಿಂದ 6ಕ್ಕೆ ಏರಿದರೆ ಶಕ್ತಿ ಎಷ್ಟು ಹೆಚ್ಚುವುದು? (5×5×5=125; 6×6×6=216. ಸುಮಾರು ಮುಕ್ಕಾಲು ಪಾಲು.)