ಮೀನಿನ ಘ್ರಾಣಶಕ್ತಿ ಮತ್ತು ಜಲಮಾಲಿನ್ಯ

ನೀರಿನಲ್ಲಿ ಬೆರೆತ ವಿಷವನ್ನು ಮೀನು ಅರಿಯಬಲ್ಲುದೆ? ಅರಿತರೆ ಅದರಿಂದ ಪಾರಾಗಬಲ್ಲುದೆ? ಜೀವವಿಜ್ಞಾನಿಗಳನ್ನು ದೀರ್ಘಕಾಲದಿಂದ ಆಕರ್ಷಿಸಿರುವ ಪ್ರಶ್ನೆಗಳಿವು.

ಮೀನಿನ ಮೂಗು ಉಸಿರಾಟಕ್ಕಾಗಿ ಇರುವುದಲ್ಲ. ಆ ಕೆಲಸ ಕಿವಿರುಗಳದು. ಬಹುತೇಕ ಮೀನುಗಳಲ್ಲಿ ಮೂಗಿನ ಹೊಳ್ಳೆಗಳಿಗೂ ಗಂಟಲಿಗೂ ಸಂಪರ್ಕವಿಲ್ಲ. ಹೊಳ್ಳೆಯೊಳಗೆ ಹೂವಿನ ದಳಗಳಂತೆ ಜೋಡಣೆಗೊಂಡ ಮಡಿಕೆಗಳಿದ್ದು, ಅವುಗಳಲ್ಲಿರುವ ನರಕೋಶಗಳು ಹರಿಯುವ ನೀರಿನೊಡನೆ ನೇರವಾಗಿ ಸಂಪರ್ಕ ಹೊಂದಿರುತ್ತವೆ. ಆಹಾರ, ಶತ್ರು, ಸಂಗಾತಿ ಇವುಗಳ ಸುಳಿವು ದೊರೆಯುವುದು ಇಲ್ಲಿಯೇ. ಸಾಲ್ಮನ್ ಮೀನು ಸಮುದ್ರದಿಂದ ತಾನು ಹುಟ್ಟಿದ ಹೊಳೆಯನ್ನು ಹುಡುಕಿಕೊಂಡು ಮರಳುವುದೂ ಮುಖ್ಯವಾಗಿ ವಾಸನೆಯ ನೆರವಿನಿಂದ. ಇದಲ್ಲದೆ ತುಟಿ, ಬಾಯಿ, ಮೀಸೆಗಳಲ್ಲಿ ರುಚಿಮೊಗ್ಗುಗಳೂ ಉಂಟು.

ಕೆನಡಾದ ನ್ಯೂಬ್ರನ್ಸ್‌ವಿಕ್ ಪ್ರಾಂತ್ಯದ ವಾಯವ್ಯ ಮಿರಮಿಷಿ ನದಿಯಲ್ಲಿ ನಡೆದ ಅಧ್ಯಯನ ಇಲ್ಲಿ ಗಮನಾರ್ಹ. 1960ರಿಂದ ಗಣಿಯೊಂದರ ತಾಮ್ರ ಮತ್ತು ಸತು ಆ ನದಿಯನ್ನು ಸೇರತೊಡಗಿದವು. ಮೊಟ್ಟೆಯಿಡಲು ಮೇಲೇರುವ ಸಾಲ್ಮನ್‌ಗಳನ್ನು ಎಣಿಸಲು ಅಲ್ಲಿ ಬೇಲಿಯ ವ್ಯವಸ್ಥೆಯಿತ್ತು. ಮಾಲಿನ್ಯಕ್ಕೆ ಮುನ್ನ ಅರ್ಧದಾರಿಯಲ್ಲಿ ಕೆಳಕ್ಕೆ ಹಿಂತಿರುಗುತ್ತಿದ್ದವು ಶೇಕಡಾ 1ರಿಂದ 3ರಷ್ಟು ಮಾತ್ರ. ಮಾಲಿನ್ಯದ ವರ್ಷಗಳಲ್ಲಿ ಈ ಪ್ರಮಾಣ ಶೇಕಡಾ 10ರಿಂದ 22ಕ್ಕೆ ಏರಿತು. ಸಾಂಡರ್ಸ್ ಮತ್ತು ಸ್ಪ್ರೇಗ್ ಎಂಬ ವಿಜ್ಞಾನಿಗಳು 1967ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ಸ್ಪ್ರೇಗ್ ಅವರು ಪ್ರಯೋಗಶಾಲೆಯಲ್ಲಿ, ಎರಡು ತುದಿಗಳಿಂದ ನೀರು ಹರಿದು ನಡುವೆ ಹೊರಹೋಗುವ ತೊಟ್ಟಿಯನ್ನು ಬಳಸಿ, ಒಂದು ಕಡೆಗೆ ಮಾತ್ರ ಲೋಹವನ್ನು ಬೆರೆಸಿ ಪರೀಕ್ಷಿಸಿದ್ದರು. ಲೀಟರಿಗೆ ಸುಮಾರು 2.3 ಮೈಕ್ರೋಗ್ರಾಂ ತಾಮ್ರವಿದ್ದರೂ ಎಳೆಯ ಸಾಲ್ಮನ್‌ಗಳು ಶುದ್ಧ ನೀರಿನ ಕಡೆಗೆ ಸರಿದವು. ಇದು ಮಾರಕ ಪ್ರಮಾಣದ ಇಪ್ಪತ್ತನೆಯ ಒಂದು ಭಾಗದಷ್ಟು.

ಹಾಗಾದರೆ ಮೀನು ಸುರಕ್ಷಿತವೆಂದು ಭಾವಿಸಬಹುದೆ? ಇಲ್ಲ. ಹಿಂತಿರುಗಿದ ಮೀನು ತನ್ನ ಪ್ರಾಣವನ್ನು ಉಳಿಸಿಕೊಂಡರೂ, ಮೊಟ್ಟೆಯಿಡುವ ನೆಲೆಯನ್ನು ತಲಪದಿದ್ದರೆ ಸಂತತಿ ಕುಂದುತ್ತದೆ. ಎಲ್ಲ ವಿಷಗಳನ್ನೂ ಮೀನು ಗುರುತಿಸಲಾರದು. ಇನ್ನೂ ಕಳವಳಕಾರಿಯಾದುದೆಂದರೆ, ಕರಗಿದ ತಾಮ್ರವು ಘ್ರಾಣಕೋಶಗಳನ್ನೇ ಮಂಕಾಗಿಸುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಹೆಚ್ಚಾದರೂ ಕೆಲವು ನಿಮಿಷಗಳಲ್ಲಿ ಈ ಪರಿಣಾಮ ಉಂಟಾಗುವುದು ಕೋಹೋ ಸಾಲ್ಮನ್‌ಗಳಲ್ಲಿ ಕಂಡುಬಂದಿದೆ. ಗಾಯಗೊಂಡ ಮೀನಿನ ಚರ್ಮದಿಂದ ಹೊರಬರುವ ಅಪಾಯಸೂಚಕ ದ್ರವ್ಯವನ್ನು ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ವಿವರಿಸಿದ್ದರು. ಘ್ರಾಣಶಕ್ತಿ ಕುಂದಿದ ಮೀನಿಗೆ ಆ ಎಚ್ಚರಿಕೆಯೂ ತಿಳಿಯದು. ಅದು ಸುಲಭವಾಗಿ ಶತ್ರುವಿನ ತುತ್ತಾಗುತ್ತದೆ.

ಆದುದರಿಂದ ಸತ್ತ ಮೀನು ತೇಲಲಿಲ್ಲವೆಂದ ಮಾತ್ರಕ್ಕೆ ನೀರು ನಿರ್ಮಲವೆಂದು ತಿಳಿಯಲಾಗದು. ಮೀನುಗಳು ಮೌನವಾಗಿ ತೊರೆದುಹೋದ ಹೊಳೆಯೂ ಕೆಟ್ಟ ಹೊಳೆಯೇ. ಈ ಸೂಕ್ಷ್ಮವನ್ನು ಅರಿತು ನಡೆಯುವ ವಿವೇಕವನ್ನು ಎಳೆಯರಲ್ಲಿ ಬೆಳೆಸುವುದು ವಿಜ್ಞಾನ ಬೋಧನೆಯ ಗುರಿಗಳಲ್ಲೊಂದು.