ಗಣಕಯಂತ್ರದ ನಾಡಿಪರೀಕ್ಷೆ

ಯಾವ ಕಾರ್ಯಕ್ಕೇ ಆಗಲಿ ಪೂರ್ವಸಿದ್ಧತೆ ಅವಶ್ಯಕ. ರೈತನು ಹೊಲಕ್ಕೆ ಹೊರಡುವ ಮೊದಲು ಎತ್ತುಗಳಿಗೆ ಮೇವು ನೀರು ಕಾಣಿಸಿ, ನೊಗ ಮಿಣಿಗಳನ್ನು ಸರಿಪಡಿಸಿಕೊಳ್ಳುತ್ತಾನೆ. ಗಾಯಕನು ಹಾಡಲು ತೊಡಗುವ ಮೊದಲು ತಂಬೂರಿಯ ಶ್ರುತಿಯನ್ನು ಹೊಂದಿಸಿಕೊಳ್ಳುತ್ತಾನೆ. ಗಣಕಯಂತ್ರವೂ ಈ ನಿಯಮಕ್ಕೆ ಹೊರತಾದುದಲ್ಲ. ಗುಂಡಿಯನ್ನು ಒತ್ತಿದ ಕ್ಷಣದಿಂದ ಅದು ಕೆಲಸಕ್ಕೆ ಒದಗುವ ಕ್ಷಣದವರೆಗೆ ಅದರೊಳಗೆ ಸಾವಿರಾರು ಕಾರ್ಯಗಳು ನಡೆಯುತ್ತವೆ. ಇದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿದರೆ ಯಾರೂ ಬೇಸರಪಡಬೇಕಾಗಿಲ್ಲ. ಆದರೆ ಕೊಂಡಾಗ ಚುರುಕಾಗಿದ್ದ ಯಂತ್ರವೇ ಕೆಲವು ವರ್ಷಗಳು ಕಳೆಯುವುದರೊಳಗೆ ಐದಾರು ನಿಮಿಷ ಕಾಯಿಸತೊಡಗಿದರೆ ಅದಕ್ಕೆ ಕಾರಣವೊಂದು ಇರಲೇಬೇಕು. ಆ ಕಾರಣವನ್ನು ಕಂಡುಹಿಡಿಯುವ ಬಗೆ ಯಾವುದು? ಕಂಡುಹಿಡಿದ ಮೇಲೆ ಮಾಡಬೇಕಾದುದು ಏನು?

ಗಣಕದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳಿಗೆ ಯಂತ್ರಾಂಶವೆಂದು ಹೆಸರು. ಆ ಭಾಗಗಳಿಂದ ಕೆಲಸ ಮಾಡಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಯಂತ್ರವನ್ನು ಆರಿಸಿದಾಗಲೂ ಅಳಿಯದಂತೆ ತಂತ್ರಾಂಶವನ್ನು ಡಿಸ್ಕಿನಲ್ಲಿ ಸಂಗ್ರಹಿಸಿಟ್ಟಿರುತ್ತಾರೆ. ಆದರೆ ಅದು ಕೆಲಸ ಮಾಡಬೇಕಾದರೆ ಡಿಸ್ಕಿನಿಂದ ಹೊರಟು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಬರಬೇಕು. ಹಾಗೆ ತರುವುದೂ ಒಂದು ಕೆಲಸವೇ ಆದುದರಿಂದ ಅದಕ್ಕೆ ಇನ್ನೊಂದು ತಂತ್ರಾಂಶ ಬೇಕು. ಹಾಗಾದರೆ ಮೊಟ್ಟಮೊದಲನೆಯ ತಂತ್ರಾಂಶವನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದು ಎಂಬ ಮಾತು ಇಂಗ್ಲಿಷಿನಲ್ಲಿ ಉಂಟು. ಆ ಮಾತಿನಿಂದಲೇ ಗಣಕವನ್ನು ಎಬ್ಬಿಸುವ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿತು. 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಎಂಬ ಗಣಕದಲ್ಲಿ, ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಆದೇಶಗಳನ್ನು ಕೈಯಿಂದಲೇ ತುಂಬಬೇಕಾಗಿತ್ತು. ಈಗ ಆ ಆದೇಶಗಳು ಗಣಕದ ಒಂದು ಸಣ್ಣ ಚಿಪ್ಪಿನಲ್ಲಿ ಸದಾ ನೆಲೆಸಿರುತ್ತವೆ. ಅವುಗಳ ಹಳೆಯ ರೂಪಕ್ಕೆ ಬಯಾಸ್ ಎಂದೂ ಹೊಸ ರೂಪಕ್ಕೆ ಯುಇಎಫ್‌ಐ ಎಂದೂ ಹೆಸರು.

ಗಣಕವು ಏಳುವ ಕ್ರಮದಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯ ಘಟ್ಟದಲ್ಲಿ ಚಿಪ್ಪಿನ ಆದೇಶಗಳು ಸ್ಮೃತಿ, ಡಿಸ್ಕು, ಕೀಲಿಮಣೆ ಮೊದಲಾದವು ಸುಸ್ಥಿತಿಯಲ್ಲಿವೆಯೇ ಎಂದು ವಿಚಾರಿಸಿಕೊಳ್ಳುತ್ತವೆ. ಎರಡನೆಯ ಘಟ್ಟದಲ್ಲಿ ವಿಂಡೋಸ್, ಲಿನಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನಿಂದ ಸ್ಮೃತಿಗೆ ಇಳಿದು ಆಡಳಿತವನ್ನು ವಹಿಸಿಕೊಳ್ಳುತ್ತದೆ. ಬಳಕೆದಾರನು ತನ್ನ ಗುಪ್ತಪದವನ್ನು ಕೊಟ್ಟು ಒಳಹೊಕ್ಕ ಮೇಲೆ ಮೂರನೆಯ ಘಟ್ಟ ಆರಂಭವಾಗುತ್ತದೆ. ಯಾರೂ ಕರೆಯದಿದ್ದರೂ ತಾವಾಗಿಯೇ ಏಳುವಂತೆ ಏರ್ಪಾಡಾಗಿರುವ ಬೇರೆ ಬೇರೆ ತಂತ್ರಾಂಶಗಳು ಆಗ ಒಟ್ಟಿಗೆ ಮೇಲೇಳುತ್ತವೆ.

ಕೆಲವು ಸೆಕೆಂಡುಗಳ ವಿಳಂಬಕ್ಕಾಗಿ ಇಷ್ಟೊಂದು ವಿಚಾರ ಮಾಡಬೇಕೇ ಎಂಬ ಸಂದೇಹ ಯಾರಿಗಾದರೂ ಬರಬಹುದು. 1983ರಲ್ಲಿ ಆ್ಯಪಲ್ ಸಂಸ್ಥೆಯಲ್ಲಿ ಮ್ಯಾಕಿಂತೋಷ್ ಗಣಕದ ನಿರ್ಮಾಣ ನಡೆಯುತ್ತಿದ್ದಾಗ, ಆ ಯಂತ್ರವು ಏಳಲು ಬಹಳ ಹೊತ್ತು ಹಿಡಿಯುತ್ತದೆಯೆಂದು ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ಅವರು ಲ್ಯಾರಿ ಕೆನ್ಯನ್ ಎಂಬ ತಂತ್ರಜ್ಞರೊಡನೆ ವಾದಿಸಿದರು. ಆ ಪ್ರಸಂಗವನ್ನು ಅವರ ಸಹೋದ್ಯೋಗಿ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅವರು ಬರೆದಿಟ್ಟಿದ್ದಾರೆ. 50 ಲಕ್ಷ ಜನರು ಈ ಗಣಕವನ್ನು ಬಳಸುವರೆಂದು ಎಣಿಸಿದರೆ, ಒಬ್ಬೊಬ್ಬರಿಗೆ 10 ಸೆಕೆಂಡು ಉಳಿಸಿದರೂ ದಿನವೊಂದಕ್ಕೆ 5 ಕೋಟಿ ಸೆಕೆಂಡುಗಳು ಉಳಿಯುತ್ತವೆ ಎಂಬುದು ಜಾಬ್ಸ್ ಅವರ ವಾದವಾಗಿತ್ತು. ಆ ಲೆಕ್ಕವನ್ನು ಮುಂದುವರಿಸಿದರೆ ಒಂದು ವರ್ಷದ ಉಳಿತಾಯವು 578 ವರ್ಷಗಳಿಗೂ ಮಿಗಿಲಾಗುತ್ತದೆ. 70 ವರ್ಷ ಬಾಳುವ ಎಂಟು ಮಂದಿಯ ಜೀವಿತಾವಧಿಗೆ ಅದು ಸಮ. ಕೆಲವೇ ತಿಂಗಳುಗಳಲ್ಲಿ ಕೆನ್ಯನ್ ಅವರು 10 ಸೆಕೆಂಡಿಗಿಂತಲೂ ಹೆಚ್ಚು ಕಾಲವನ್ನು ಉಳಿಸಿದರು.

ಈ ವಿಚಾರವನ್ನು ಇನ್ನೂ ಹತ್ತಿರದ ಒಂದು ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿ ಗಣಕ ಕಲಿಕೆಯ ಅವಧಿ 40 ನಿಮಿಷ, ಗಣಕವು ಏಳಲು ಹಿಡಿಯುವ ಕಾಲ 6 ನಿಮಿಷ ಎಂದು ಭಾವಿಸೋಣ. ವರ್ಷದಲ್ಲಿ ಅಂಥ 60 ಅವಧಿಗಳಿದ್ದರೆ ಕಾಯುವುದರಲ್ಲಿಯೇ 360 ನಿಮಿಷ, ಎಂದರೆ 9 ಪೂರ್ಣ ಅವಧಿಗಳು ಕಳೆದುಹೋಗುತ್ತವೆ. ಮನೆಯಲ್ಲಿ ಗಣಕವಿಲ್ಲದ ವಿದ್ಯಾರ್ಥಿಗೆ ಕೀಲಿಮಣೆಯ ಮೇಲೆ ಬೆರಳಿಡುವ ಅವಕಾಶ ದೊರೆಯುವುದು ಶಾಲೆಯಲ್ಲಿ ಮಾತ್ರ. ಆದುದರಿಂದ ಈ ನಷ್ಟವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸುವವನು ಅವನೇ.

ಇಂಥ ಯಂತ್ರವನ್ನು ಕಂಡೊಡನೆ “ಇದಕ್ಕೆ ವಯಸ್ಸಾಯಿತು, ಬಿಸಾಡಿ ಹೊಸದನ್ನು ತರಬೇಕು” ಎನ್ನುವವರು ಅನೇಕರು. ರೋಗವನ್ನು ಅರಿಯದೆ ಕೊಡುವ ಈ ತೀರ್ಪು ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಂಡಂತೆ. ಇದರಿಂದ ಹಣವು ವ್ಯರ್ಥವಾಗುವುದಲ್ಲದೆ ಬಿಸಾಡಿದ ಯಂತ್ರದಲ್ಲಿರುವ ಸೀಸದಂಥ ವಿಷವಸ್ತುಗಳು ಮಣ್ಣನ್ನೂ ನೀರನ್ನೂ ಸೇರುವ ಅಪಾಯವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆಯಿರುವುದು ಶೇಕಡ 22.3 ಭಾಗಕ್ಕೆ ಮಾತ್ರ. ಆದುದರಿಂದ ಯಂತ್ರವನ್ನು ತೊರೆಯುವ ಮೊದಲು ಅದರ ನಾಡಿಯನ್ನು ಹಿಡಿದು ನೋಡುವುದು ವಿವೇಕ.

ಪರೀಕ್ಷೆಗೆ ಬೇಕಾದ ಮೊದಲನೆಯ ಉಪಕರಣ ಗಡಿಯಾರ. ಮೂರು ಘಟ್ಟಗಳಲ್ಲಿ ಯಾವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ‘ಶಟ್ ಡೌನ್’ ಮಾಡಿದಾಗ ವ್ಯವಸ್ಥೆಯು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಅದನ್ನೇ ಬಳಸಿಕೊಳ್ಳುವ ಏರ್ಪಾಡು ಇದೆ. ‘ರೀಸ್ಟಾರ್ಟ್’ ಮಾಡಿದಾಗಲಾದರೋ ಅದು ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ. ಆದುದರಿಂದ ಪ್ರತಿ ಸಲವೂ ಒಂದೇ ವಿಧಾನದಿಂದ ಎಬ್ಬಿಸಿ ಅಳೆಯಬೇಕು. ಇಲ್ಲದಿದ್ದರೆ ಒಂದನ್ನು ಸೇರಿನಿಂದಲೂ ಮತ್ತೊಂದನ್ನು ಪಾವಿನಿಂದಲೂ ಅಳೆದಂತಾಗುತ್ತದೆ.

ಮೇಲೆ ಹೇಳಿದ ಶಾಲೆಯ ಗಣಕದಲ್ಲಿ ಮೊದಲ ಘಟ್ಟಕ್ಕೆ 20 ಸೆಕೆಂಡು, ಎರಡನೆಯದಕ್ಕೆ 70 ಸೆಕೆಂಡು, ಮೂರನೆಯದಕ್ಕೆ 270 ಸೆಕೆಂಡು ಹಿಡಿಯಿತೆಂದು ಇಟ್ಟುಕೊಳ್ಳೋಣ. ಈ ಅಳತೆಯಿಂದಲೇ ರೋಗದ ನೆಲೆ ಮುಕ್ಕಾಲು ಪಾಲು ತಿಳಿದಂತಾಯಿತು. ಮೊದಲ ಘಟ್ಟವೇ ದೀರ್ಘವಾಗಿದ್ದರೆ ಯಂತ್ರಾಂಶವನ್ನೋ ಅದರ ಚಿಪ್ಪಿನ ಹೊಂದಾಣಿಕೆಯನ್ನೋ ಶಂಕಿಸಬೇಕಾಗಿತ್ತು. ಇಲ್ಲಿ ಹೆಚ್ಚಿನ ವಿಳಂಬವು ಬಳಕೆದಾರನು ಒಳಹೊಕ್ಕ ಮೇಲೆ ಉಂಟಾಗಿರುವುದರಿಂದ, ತಾವಾಗಿ ಏಳುವ ತಂತ್ರಾಂಶಗಳ ಮೇಲೆ ಸಂದೇಹ ಬೀಳುತ್ತದೆ.

ಹತ್ತು ತಂತ್ರಾಂಶಗಳು ಒಟ್ಟಿಗೆ ಎದ್ದ ಮಾತ್ರಕ್ಕೆ ಇಷ್ಟು ವಿಳಂಬವೇಕೆ? ಇದರ ಉತ್ತರ ಹಾರ್ಡ್ ಡಿಸ್ಕಿನ ರಚನೆಯಲ್ಲಿದೆ. ಅದರೊಳಗಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸಲ ಸುತ್ತುತ್ತದೆ. 7,200 ಸಲ ಸುತ್ತುವ ತಟ್ಟೆಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿಯು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊನೆಯನ್ನು ಹೊತ್ತ ತೋಳು ಒಂದೆಡೆಯಿಂದ ಮತ್ತೊಂದೆಡೆಗೆ ಸರಿಯಲು ಇನ್ನೂ ಕೆಲವು ಮಿಲಿಸೆಕೆಂಡುಗಳು ಬೇಕು. ಹೀಗಾಗಿ ಚದುರಿಬಿದ್ದ ಮಾಹಿತಿಯನ್ನು ಅದು ಸೆಕೆಂಡಿಗೆ ಸುಮಾರು ನೂರು ಸ್ಥಳಗಳಿಂದ ಮಾತ್ರ ಓದಬಲ್ಲದು. ಗ್ರಂಥಾಲಯದಲ್ಲಿ ಪುಸ್ತಕ ತಂದುಕೊಡಲು ಒಬ್ಬನೇ ಪರಿಚಾರಕನಿದ್ದು, ಇಪ್ಪತ್ತು ಮಂದಿ ಒಮ್ಮೆಲೇ ಬೇರೆ ಬೇರೆ ಕಪಾಟುಗಳ ಪುಸ್ತಕಗಳನ್ನು ಕೇಳಿದರೆ ಅವನ ಕಾಲವೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ. ಡಿಸ್ಕಿನ ಪಾಡೂ ಹಾಗೆಯೇ. ಸ್ಮೃತಿಯೂ ಚಿಕ್ಕದಾಗಿದ್ದರೆ ಕಷ್ಟ ಇಮ್ಮಡಿಯಾಗುತ್ತದೆ. ಸ್ಮೃತಿಯಲ್ಲಿ ಜಾಗ ಸಾಲದಾದಾಗ ವ್ಯವಸ್ಥೆಯು ಅಲ್ಲಿರುವ ಕೆಲವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತಿರುತ್ತದೆ.

ವಿಂಡೋಸ್ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಡಿಸ್ಕು ಮತ್ತು ಸ್ಮೃತಿಗಳ ಮೇಲಿರುವ ಹೊರೆಯನ್ನು ಅಲ್ಲಿ ಶೇಕಡಾವಾರು ಕಾಣಬಹುದು. ಅದರ ‘ಸ್ಟಾರ್ಟ್‌ಅಪ್’ ವಿಭಾಗದಲ್ಲಿ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯೂ, ಒಂದೊಂದರ ಮುಂದೆ ಅದು ಉಂಟುಮಾಡುವ ಹೊರೆಯ ಪ್ರಮಾಣವೂ ಇರುತ್ತದೆ. ಪ್ರೊಸೆಸರಿನ ಕಾಲದಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚನ್ನಾಗಲಿ, ಡಿಸ್ಕಿನ ಓದು ಬರಹದಲ್ಲಿ 3 ಮೆಗಾಬೈಟಿಗಿಂತ ಹೆಚ್ಚನ್ನಾಗಲಿ ಬಳಸುವ ತಂತ್ರಾಂಶದ ಮುಂದೆ ‘ಹೈ’ ಎಂದು ಬರೆದಿರುತ್ತದೆ. ಅದೇ ವಿಭಾಗದಲ್ಲಿ ಮೊದಲನೆಯ ಘಟ್ಟಕ್ಕೆ ಹಿಡಿದ ಕಾಲವನ್ನೂ ಅನೇಕ ಗಣಕಗಳು ತೋರಿಸುತ್ತವೆ.

ಈ ಪಟ್ಟಿಯನ್ನು ಮೊದಲ ಸಲ ಕಂಡವರಿಗೆ ಆಶ್ಚರ್ಯವಾಗುವುದು ಸಹಜ. ಕೆಲವು ತಂತ್ರಾಂಶಗಳನ್ನು ಗಣಕ ತಯಾರಕರೇ ತುಂಬಿ ಕಳುಹಿಸಿರುತ್ತಾರೆ. ಕೆಲವು, ಉಚಿತವಾಗಿ ಸಿಗುವ ಮತ್ತೊಂದು ತಂತ್ರಾಂಶದ ಬೆನ್ನೇರಿ, ಓದದೆಯೇ ‘ಸರಿ’ ಎಂದು ಒತ್ತಿದ ಗಳಿಗೆಯಲ್ಲಿ ಒಳಗೆ ಬಂದಿರುತ್ತವೆ. ವರ್ಷಕ್ಕೊಮ್ಮೆ ಬಳಸುವ ಮುದ್ರಣಯಂತ್ರದ ಸಹಾಯಕ, ಆಟಗಳ ಅಂಗಡಿ, ಹರಟೆಯ ತಂತ್ರಾಂಶ ಇವೆಲ್ಲ ದಿನವೂ ಎಲ್ಲರಿಗಿಂತ ಮುಂಚೆ ಎದ್ದು ಕುಳಿತಿರುತ್ತವೆ. ಬೇಕಾದ ಕೆಲಸಕ್ಕಿಂತ ಬೇಡದ ಪರಿವಾರವೇ ದೊಡ್ಡದಾದಾಗ ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ.

ರೋಗವು ತಿಳಿದ ಮೇಲೆ ಚಿಕಿತ್ಸೆಗೆ ತೊಡಗಬಹುದು. ಆದರೆ ಮುಖ್ಯವಾದ ಬರಹಗಳನ್ನೂ ಚಿತ್ರಗಳನ್ನೂ ಮೊದಲು ಬೇರೊಂದು ಕಡೆ ಪ್ರತಿಮಾಡಿಟ್ಟುಕೊಳ್ಳಬೇಕು. ಅನಂತರ ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರೂ ಯಾವುದರದು, ಅದರ ಕೆಲಸವೇನು ಎಂಬುದನ್ನು ವಿಚಾರಿಸಿ ತಿಳಿಯಬೇಕು. ವೈರಸ್ ನಿರೋಧಕ ತಂತ್ರಾಂಶವನ್ನೂ, ಧ್ವನಿ, ಸ್ಪರ್ಶಫಲಕ ಮೊದಲಾದ ಭಾಗಗಳನ್ನು ನಡೆಸುವ ತಂತ್ರಾಂಶಗಳನ್ನೂ ಮುಟ್ಟಬಾರದು. ಅನವಶ್ಯಕವೆಂದು ಖಚಿತವಾದುದನ್ನು ಕೂಡ ಒಮ್ಮೆಲೇ ಕಿತ್ತುಹಾಕದೆ, ಮೊದಲು ‘ಡಿಸೇಬಲ್’ ಎಂಬ ಆದೇಶದಿಂದ ಅದು ತಾನಾಗಿ ಏಳದಂತೆ ಮಾಡಬೇಕು. ಹೀಗೆ ಮಾಡಿದರೆ ತಂತ್ರಾಂಶವು ಅಳಿಯುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ಒಂದನ್ನು ತಡೆದು, ಗಣಕವನ್ನು ಮತ್ತೆ ಎಬ್ಬಿಸಿ, ಕಾಲವನ್ನು ಅಳೆದು ಬರೆದುಕೊಂಡ ಮೇಲೆ ಮತ್ತೊಂದಕ್ಕೆ ಕೈಹಾಕಬೇಕು. ಏಕಕಾಲದಲ್ಲಿ ಹತ್ತನ್ನು ಬದಲಾಯಿಸಿದವನಿಗೆ ಗುಣ ಕಂಡರೂ ಕಾರಣ ತಿಳಿಯದು. ಕೆಡಕು ಕಂಡರೂ ಕಾರಣ ತಿಳಿಯದು.

ಕೆಲವು ದಿನ ಬಳಸಿದರೂ ಯಾವುದರ ಕೊರತೆ ತೋರುವುದಿಲ್ಲವೋ ಅದನ್ನು ‘ಸೆಟಿಂಗ್ಸ್’ನ ‘ಆ್ಯಪ್ಸ್’ ವಿಭಾಗದಲ್ಲಿ ‘ಅನ್‌ಇನ್‌ಸ್ಟಾಲ್’ ಎಂಬ ಆದೇಶ ಕೊಟ್ಟು ತೆಗೆಯಬಹುದು. ತಂತ್ರಾಂಶವಿರುವ ಕೋಶವನ್ನು ಹುಡುಕಿ ಅಳಿಸಿಬಿಡುವುದು ತಪ್ಪು ಕ್ರಮ. ಗಿಡವನ್ನು ಬುಡದ ಮೇಲೆ ಕಡಿದರೆ ಬೇರುಗಳು ಮಣ್ಣಿನಲ್ಲಿ ಉಳಿಯುವಂತೆ, ಅದರ ಗುರುತುಗಳು ವ್ಯವಸ್ಥೆಯಲ್ಲಿ ಉಳಿದು ತೊಂದರೆ ಕೊಡುತ್ತವೆ. ಒಂದೇ ಒತ್ತಿಗೆ ಗಣಕವನ್ನು ಶುದ್ಧಿಮಾಡುವೆವೆಂದು ಸಾರುವ ತಂತ್ರಾಂಶಗಳ ಬಗ್ಗೆಯೂ ಜಾಗರೂಕತೆ ಬೇಕು. ವಿಂಡೋಸ್ ವ್ಯವಸ್ಥೆಯ ಹೊಂದಾಣಿಕೆಗಳ ದಾಖಲೆಯಾದ ರಿಜಿಸ್ಟ್ರಿಯನ್ನು ಶುದ್ಧಿಗೊಳಿಸುವುದಾಗಿ ಹೇಳುವ ಇಂಥ ಸಾಧನಗಳಿಗೆ ಆ ವ್ಯವಸ್ಥೆಯ ನಿರ್ಮಾಪಕರಾದ ಮೈಕ್ರೋಸಾಫ್ಟ್ ಸಂಸ್ಥೆಯೇ ಬೆಂಬಲ ಕೊಡುವುದಿಲ್ಲ. ಕಸವನ್ನು ಗುಡಿಸಲು ಬಂದುದೇ ಕಸವಾಗಿ ಉಳಿಯುವ ಪ್ರಸಂಗಗಳು ವಿರಳವಲ್ಲ.

ಶಾಲೆಯ ಗಣಕದಲ್ಲಿ ಬೇಡದವುಗಳನ್ನು ತಡೆದ ಮೇಲೆ ಮೂರನೆಯ ಘಟ್ಟವು 270 ಸೆಕೆಂಡಿನಿಂದ 60 ಸೆಕೆಂಡಿಗೆ ಇಳಿಯಿತೆಂದು ಎಣಿಸಿದರೆ, ಒಂದು ವರ್ಷಕ್ಕೆ 210 ನಿಮಿಷ, ಎಂದರೆ ಐದಕ್ಕೂ ಹೆಚ್ಚು ಅವಧಿಗಳು ವಿದ್ಯಾರ್ಥಿಗಳಿಗೆ ಮರಳಿ ದೊರೆಯುತ್ತವೆ. ಅದಕ್ಕೆ ತಗಲುವ ವೆಚ್ಚ ಒಂದು ಪೈಸೆಯೂ ಇಲ್ಲ.

ಎಲ್ಲ ರೋಗಗಳೂ ಪಥ್ಯದಿಂದಲೇ ವಾಸಿಯಾಗುವುದಿಲ್ಲ. ಪಟ್ಟಿಯು ಹಗುರವಾದ ಮೇಲೂ ಡಿಸ್ಕಿನ ಹೊರೆ ಶೇಕಡ 100ರಲ್ಲಿಯೇ ನಿಂತಿದ್ದರೆ ವೈರಸ್ಸಿನ ಪರೀಕ್ಷೆ ಮಾಡಬೇಕು. ಡಿಸ್ಕಿನಿಂದ ಟಕಟಕ ಎಂಬ ಅಸಹಜ ಸದ್ದು ಕೇಳಿಬಂದರೆ ಅದು ಕೆಡುವ ಸೂಚನೆಯಾಗಿರಬಹುದು. ಹಾರ್ಡ್ ಡಿಸ್ಕಿಗೆ ಬದಲಾಗಿ, ಸುತ್ತುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯನ್ನು ಅಳವಡಿಸಿದರೆ ಹಳೆಯ ಗಣಕವೂ ಚುರುಕಾಗುತ್ತದೆ. ಅದರಲ್ಲಿ ಚಲಿಸುವ ಭಾಗಗಳೇ ಇಲ್ಲವಾದುದರಿಂದ ಮಿಲಿಸೆಕೆಂಡಿನ ಒಂದು ಅಲ್ಪ ಅಂಶದಲ್ಲಿ ಮಾಹಿತಿ ಕೈಸೇರುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ಆವೃತ್ತಿಯನ್ನು ಹೊರಲಾರದ ಗಣಕಗಳಲ್ಲಿ, ಉಚಿತವಾಗಿ ದೊರೆಯುವ ಹಗುರವಾದ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿಕೊಂಡು ಇನ್ನೂ ಕೆಲವು ವರ್ಷ ಕೆಲಸ ತೆಗೆಯಲು ಸಾಧ್ಯ.

ಗಣಕವು ಹೇಳಿದಷ್ಟನ್ನು ಮಾತ್ರ ಮಾಡುವ ಯಂತ್ರ. ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬ ತಾರತಮ್ಯ ಅದಕ್ಕೆ ತಿಳಿಯದು. ಆ ವಿವೇಚನೆ ಅದನ್ನು ಬಳಸುವವನಿಗೆ ಸೇರಿದ್ದು. ಅಳೆದು ನೋಡುವುದು, ಕಾರಣವನ್ನು ಶಂಕಿಸುವುದು, ಒಂದನ್ನು ಮಾತ್ರ ಬದಲಿಸಿ ಮತ್ತೆ ಅಳೆಯುವುದು, ಕಂಡುದನ್ನು ಬರೆದಿಡುವುದು, ಇವು ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಅನುಸರಿಸುವ ಕ್ರಮಗಳೇ ಆಗಿವೆ. ಈ ಕ್ರಮವನ್ನು ಬಲ್ಲವನು ಯಂತ್ರವು ಕೆಟ್ಟಿತೆಂದು ಕೈಚೆಲ್ಲಿ ಕುಳಿತುಕೊಳ್ಳುವುದಿಲ್ಲ. ಅದು ಎಲ್ಲಿ ತಡೆದು ನಿಂತಿದೆಯೆಂದು ಹುಡುಕಲು ತೊಡಗುತ್ತಾನೆ.