ಬೇಗ ಒಣಗುವ ದ್ರಾವಕ ಮತ್ತು ಬೆಂಕಿಯ ಭಯ

ಬೇಸಿಗೆ ಬಲಿತಂತೆ ಕೊಂಡಜ್ಜಿಯ ಕೆರೆಯ ನೀರು ದಡದಿಂದ ಹಿಂದೆ ಸರಿಯುತ್ತದೆ. ಬಿಸಿಲಿನ ಶಾಖ, ಬೀಸುವ ಗಾಳಿ, ತೆರೆದ ವಿಸ್ತಾರ ಈ ಮೂರೂ ಕೂಡಿ ನೀರನ್ನು ಆವಿಯಾಗಿಸುತ್ತವೆ. ಯಂತ್ರಶಾಲೆಯಲ್ಲಿ ತೊಳೆದ ಕಬ್ಬಿಣದ ಭಾಗವೊಂದು ಒಣಗುವುದೂ ಇದೇ ನಿಯಮದಿಂದಲೇ.

ಸಮೀಪದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಲೇತ್ ಯಂತ್ರಗಳ ತಯಾರಿಕೆಯಿಂದ ಊರಿಗೆ ಹೆಸರು ತಂದಿತು. ಆ ಕಾರ್ಖಾನೆ ಇಂದು ಇಲ್ಲವಾದರೂ ಯಂತ್ರವಿದ್ಯೆ ಈ ಭಾಗದ ಅನೇಕ ತರುಣರ ಜೀವನೋಪಾಯವಾಗಿದೆ. ಲೋಹವನ್ನು ಕಡೆದ ಮೇಲೆ ಅಂಟಿದ ಎಣ್ಣೆ ಜಿಡ್ಡನ್ನು ತೆಗೆಯದೆ ಬಣ್ಣ ಹಿಡಿಯದು, ಜೋಡಣೆ ಸರಿಹೋಗದು. ಇದಕ್ಕಾಗಿ ಸಣ್ಣ ವರ್ಕ್‌ಶಾಪುಗಳಲ್ಲಿ ಸೀಮೆಎಣ್ಣೆಯನ್ನೂ ಪೆಟ್ರೋಲನ್ನೂ ಬಳಸುವ ರೂಢಿ ಹಳೆಯದು.

ದ್ರವವೊಂದರ ಆವಿಯು ಕಿಡಿ ಸೋಕಿದಾಗ ಹೊತ್ತಿಕೊಳ್ಳುವ ಅತ್ಯಂತ ಕಡಿಮೆ ಉಷ್ಣತೆಗೆ ಜ್ವಲನಬಿಂದು ಎಂದು ಹೆಸರು. ಪೆಟ್ರೋಲಿಗೆ ಇದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಸೀಮೆಎಣ್ಣೆಗೆ ಭಾರತೀಯ ಮಾನಕವು ವಿಧಿಸಿರುವ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಛಾವಣಿಯ ಕೆಳಗೆ ಈ ಮಟ್ಟ ಮುಟ್ಟುವುದು ಅಪರೂಪವೇನಲ್ಲ. ಈ ಆವಿಗಳು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು, ದೂರದ ಕಿಡಿಯನ್ನೂ ತಲುಪುತ್ತವೆ. ದ್ರವವನ್ನು ಬೇಗ ಒಣಗಿಸುವ ಗುಣವೇ ಬೆಂಕಿಗೂ ದಾರಿ ಮಾಡಿಕೊಡುವುದು ಹೀಗೆ.

ಹಾಗಾದರೆ ಬೇಗ ಒಣಗಿಯೂ ಉರಿಯದ ದ್ರವ ಇಲ್ಲವೆ? ಇದೆ, ವಿಜ್ಞಾನಿಗಳು ಕ್ಲೋರಿನ್ ಬೆರೆತ ದ್ರಾವಕಗಳನ್ನು ಕಂಡುಹಿಡಿದರು. ಆದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸಿತು. ಟ್ರೈಕ್ಲೋರೋಎಥಿಲೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು 2012ರಲ್ಲಿ ಅಂತರರಾಷ್ಟ್ರೀಯ ತಜ್ಞರು ನಿರ್ಣಯಿಸಿದರು. ಫ್ಲೂರಿನ್ ಸಹ ಸೇರಿದ ಸಿ.ಎಫ್.ಸಿ.-113 ಕಾರ್ಮಿಕರಿಗೆ ಅಷ್ಟು ಅಪಾಯಕಾರಿಯಲ್ಲವಾದರೂ ಓಜೋನ್ ಪದರವನ್ನು ತಿನ್ನುವುದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ ಒಳಗಾಯಿತು. ಉರಿಯದುದೆಲ್ಲ ಸುರಕ್ಷಿತವಲ್ಲವೆಂಬುದೇ ಈ ಇತಿಹಾಸದ ಪಾಠ.

ಆದ್ದರಿಂದ ಜಿಡ್ಡು ತೆಗೆಯುವುದು ಮತ್ತು ಒಣಗಿಸುವುದು, ಈ ಎರಡು ಕೆಲಸಗಳನ್ನೂ ಒಂದೇ ದ್ರವದ ಮೇಲೆ ಹೊರಿಸದಿರುವುದು ವಿವೇಕ. ಕ್ಷಾರಯುಕ್ತ ಮಾರ್ಜಕ ಬೆರೆಸಿದ ಬಿಸಿನೀರು ಎಣ್ಣೆಯನ್ನು ಚೆನ್ನಾಗಿ ಬಿಡಿಸುತ್ತದೆ. ನೀರು ಆವಿಯಾಗಲು ಅಧಿಕ ಶಾಖ ಬೇಕು. ಅಸಿಟೋನಿಗೆ ಅದರ ಸುಮಾರು ನಾಲ್ಕನೆಯ ಒಂದು ಭಾಗ ಸಾಕು. ಆದರೆ ಬಿಸಿನೀರಿನಲ್ಲಿ ಅದ್ದಿದ ಲೋಹ ತಾನೇ ಬಿಸಿಯಾಗಿರುವುದರಿಂದ ಆ ಶಾಖವೇ ಒಣಗಲು ನೆರವಾಗುತ್ತದೆ. ಮೇಲೆ ಬಿಸಿಗಾಳಿ ಹಾಯಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತುಕ್ಕುನಿರೋಧಕವನ್ನು ತೊಳೆಯುವ ನೀರಿಗೇ ಸೇರಿಸಬೇಕು. ನೀರು ಸಲ್ಲದ ಕಡೆ 60 ಡಿಗ್ರಿಗಿಂತ ಮೇಲಿನ ಜ್ವಲನಬಿಂದುವಿನ ದ್ರಾವಕವನ್ನು, ಮುಚ್ಚಳವಿರುವ ತೊಟ್ಟಿಯಲ್ಲಿ, ಗಾಳಿ ಸಂಚಾರವಿರುವೆಡೆ ಬಳಸಬೇಕು. ತೊಳೆದ ನೀರಿನಿಂದ ಎಣ್ಣೆಯನ್ನು ಬೇರ್ಪಡಿಸಿ ಶುದ್ಧಿಗೊಳಿಸದೆ ತುಂಗಭದ್ರೆಗಾಗಲಿ ಕೆರೆಗಾಗಲಿ ಬಿಡುವುದು ಸಲ್ಲದು.

ಈ ತತ್ತ್ವವನ್ನು ಅಧ್ಯಾಪಕರು ತರಗತಿಯಲ್ಲಿ ನಿರಪಾಯವಾಗಿ ತೋರಿಸಬಹುದು. ಒಂದೇ ಅಳತೆಯ ಎರಡು ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ, ಒಂದನ್ನು ಮುಚ್ಚಿದ ಕೊಠಡಿಯಲ್ಲಿಯೂ ಇನ್ನೊಂದನ್ನು ಬಿಸಿಲುಗಾಳಿಯಲ್ಲಿಯೂ ಹರಡಲಿ. ದ್ರವ ಒಂದೇ ಆದರೂ ಒಣಗುವ ಕಾಲ ಬೇರೆಯಾಗುವುದನ್ನು ಬಾಲಕರು ಕಣ್ಣಾರೆ ಕಾಣುವರು. ಮುಂದೆ ಯಂತ್ರಶಾಲೆಗೆ ಕಾಲಿಡುವ ವಿದ್ಯಾರ್ಥಿಗೆ ಈ ಅರಿವು ಪ್ರಾಣರಕ್ಷಕವಾಗಬಲ್ಲದು.